ಗೋಡೆಯ ಮೇಲಿನ ಈಶಪ್ಪ

ಹನುಮಸಾಗರದ ಈಶಪ್ಪನನ್ನು ಊರವರು ಪುಕ್ಕಲ ಎನ್ನುವುದು ತಪ್ಪು. ಪುಕ್ಕಲನಿಗೆ ಹೆದರಲು ಏನಾದರೊಂದು ಕಾರಣ ಬೇಕಾಗುತ್ತದೆ. ಈಶಪ್ಪನಿಗೆ ಕಾರಣದ ಹಂಗಿರಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಅದು ನಿಲ್ಲುವವರೆಗೆ ಅದರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ. ಸರಕಾರಿ ಜೀಪು ಊರೊಳಗೆ ಬಂದರೆ ತನ್ನ ಹಿಟ್ಟಿನ ಗಿರಣಿಯ ಬಾಗಿಲು ಮುಂದೆ ಮಾಡಿ, ಬಂದವರು ದನದ ಡಾಕ್ಟರು ಎಂದು ತಿಳಿದ ಮೇಲೂ ಒಂದಿಷ್ಟು ಹೊತ್ತು ಒಳಗೇ ಇರುತ್ತಿದ್ದ. ‘ನಮ್ಮನ್ಯಾಗ ಒಂದು ಎಮ್ಮಿ ಸೈತ ಇಲ್ಲ, ದನದ ಡಾಕ್ಟರಿಗೆ ಯಾಕ ಹೆದರ್ತೀರಿ’ ಎಂದು ಹೆಂಡತಿ ಮಲ್ಲೇಶ್ವರಿ ಕೇಳಿದರೆ, ‘ಅವ್ರೂ ಸರ್ಕಾರದವರ ಅಲ್ಲೇನು’ ಎಂದು ಗೋಣು ಕೆಳಗೆ ಹಾಕುತ್ತಿದ್ದ.

ಈ ಹೆದರಿಕೆಯ ಬೇರು ಇದ್ದದ್ದು ಕುಷ್ಟಗಿಯ ಒಂದು ಗೋಡೆಯಲ್ಲಿ.

ಈಶಪ್ಪ ಹರೆಯದಲ್ಲಿ ಫಾರ್ಮಸಿ ಡಿಪ್ಲೊಮಾ ಮುಗಿಸಿದವನು. ಇಂಥ ಓದು ಓದಿದ ಫಾರ್ಮಸಿಸ್ಟ್ ಇಲ್ಲದೆ ಯಾರೂ ಮೆಡಿಕಲ್ ಅಂಗಡಿ ನಡೆಸಬಾರದೆಂದು ಕಾಯಿದೆ ಹೇಳುತ್ತದೆ. ಆದರೆ ಓದಿದವನ ಕೈಯಲ್ಲಿ ಬಂಡವಾಳವಿರುವುದಿಲ್ಲ, ಬಂಡವಾಳವಿದ್ದವನು ಓದಿರುವುದಿಲ್ಲ. ಕಾಯಿದೆಗೂ ನೋವಾಗದಂತೆ, ವ್ಯಾಪಾರಕ್ಕೂ ನೋವಾಗದಂತೆ ಇದಕ್ಕೊಂದು ದಾರಿ ಇದೆ. ಓದಿದವನ ಸರ್ಟಿಫಿಕೇಟು ಗಾಜು ಹಾಕಿಸಿಕೊಂಡು ಅಂಗಡಿಯ ಗೋಡೆಯ ಮೇಲೆ ಕೂರುತ್ತದೆ. ಓದಿದವನು ತನ್ನೂರಲ್ಲಿ ಬೇರೆ ಕಸುಬು ನೋಡಿಕೊಳ್ಳುತ್ತಾನೆ. ಕುಷ್ಟಗಿಯ ಮಕ್ಬುಲಸಾಬನ ಮೆಡಿಕಲ್ಲಿನಲ್ಲಿ ಈಶಪ್ಪ ಹೀಗೆ ಬಹಳ ವರ್ಷದಿಂದ ಕೆಲಸಕ್ಕಿದ್ದ. ತಲೆತುಂಬ ಕೂದಲು, ಹಣೆತುಂಬ ವಿಭೂತಿ ಇದ್ದ, ಸರ್ಟಿಫಿಕೇಟಿನಲ್ಲಿನ ಅವನ ಫೋಟೊ ಹಗಲಿಡೀ ಅಲ್ಲಿ ದುಡಿಯುತ್ತಿತ್ತು. ಅವನು ಇಲ್ಲಿ ಜೋಳ ಬೀಸುತ್ತಿದ್ದ. ದೀಪಾವಳಿಗೊಮ್ಮೆ ಮಕ್ಬುಲಸಾಬ ಮಿಠಾಯಿ ಡಬ್ಬಿಯೊಂದಿಗೆ ಬಂದು ಫೋಟೊದ ಪಗಾರ ಕೊಟ್ಟು ಹೋಗುತ್ತಿದ್ದ. ಎಂದಾದರೂ ಯಾರಾದರೂ ಬಂದು ‘ಗೋಡೆಯ ಮೇಲಿನವನು ಎಲ್ಲಿ’ ಎಂದು ಕೇಳಿದರೆ ಹೆಸರು ರದ್ದು, ಅಂಗಡಿಗೆ ಬೀಗ, ತನಗೆ ಜೈಲು ಎಂದು ಈಶಪ್ಪ ಖಚಿತವಾಗಿ ನಂಬಿದ್ದ.

ಒಂದು ಸೆಪ್ಟೆಂಬರಿನಲ್ಲಿ ಯಾರೋ ಬಂದು ಕೇಳಿಯೇಬಿಟ್ಟರು.

‘ಈಶಪ್ಪಣ್ಣ, ಕೆಲಸ ಕೆಟ್ಟೈತಿ’ ಎಂದು ಮಕ್ಬುಲಸಾಬನ ಫೋನು ಬಂತು. ‘ನಾಳಿ ಮುಂಜಾನಿ ಅಂಗಡ್ಯಾಗ ಇರ್ಬೇಕು ನೋಡು.’

‘ಇನ್ಸ್‌ಪೆಕ್ಟರ್ ಬಂದಾರೇನ್ರಿ ಸಾಹೇಬ್ರ?’ ಎಂದು ಕೇಳಿದ ಈಶಪ್ಪ.

‘ಇನ್ಸ್‌ಪೆಕ್ಟರ್ ಆಗಿದ್ರ ಚಾ ಕುಡಿಸಿ ಮಾತಾಡಸ್ತಿದ್ದೆ. ಬಂದವರು ಕೊಪ್ಪಳದ ಫಾರ್ಮಸಿ ಕಾಲೇಜಿನ ಹುಡುಗೋರು. ಅವು ಚಾ ಕುಡದ ಮ್ಯಾಲೂ ಪ್ರಶ್ನೆ ಕೇಳ್ತಾವ.’

ಸಂಗತಿ ಹೀಗಿತ್ತು. ಆ ಕಾಲೇಜಿನ ವಿದ್ಯಾರ್ಥಿ ಸಂಘದವರು ‘ನಿಮ್ಮ ಫಾರ್ಮಸಿಸ್ಟ್ ಎಲ್ಲಿದ್ದಾರೆ?’ ಎಂಬ ಆಂದೋಲನ ಹೂಡಿದ್ದರು. ಡಾಕ್ಟರು ಯಾರೆಂದು ಜನಕ್ಕೆ ಗೊತ್ತು, ನರ್ಸು ಯಾರೆಂದು ಗೊತ್ತು. ಗುಳಿಗೆಯ ಬಗ್ಗೆ ಓದಿದವನೊಬ್ಬ ಇದ್ದಾನೆ, ಅವನನ್ನು ಕೇಳಬಹುದು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ ಎಂಬುದು ಅವರ ಸಂಕಟ. ಗಂಗಾವತಿ, ಯಲಬುರ್ಗಾ ಮುಗಿಸಿ ಕುಷ್ಟಗಿಗೆ ಬಂದಿದ್ದರು. ಅಂಗಡಿಯ ಮುಂದೆ ಮೇಜು ಹಾಕಿ ಜನರ ಬಿ.ಪಿ. ಪುಕ್ಕಟೆ ನೋಡುವುದು, ಒಳಗಿನ ಫಾರ್ಮಸಿಸ್ಟರನ್ನು ಜನರಿಗೆ ಪರಿಚಯಿಸುವುದು ಅವರ ಕೆಲಸ. ಮುಂದಾಳು ಉಜ್ಮಾ ಎಂಬ ಕೊನೆಯ ವರ್ಷದ ಹುಡುಗಿ, ಕಾರಟಗಿಯ ಅಕ್ಕಿ ಗಿರಣಿಯೊಂದರ ಗುಮಾಸ್ತರ ಮಗಳು. ಅವಳು ಗೋಡೆ ನೋಡಿ, ‘ಇವ್ರು ಎಲ್ಲಿ ಅದಾರ್ರಿ?’ ಎಂದಿದ್ದಳು.

‘ನೀವೇನಂದ್ರಿ?’ ಎಂದು ಈಶಪ್ಪ ಫೋನಿನಲ್ಲಿ ಕೇಳಿದ.

‘ನಮಾಜಿಗೆ ಹೋಗ್ಯಾರ ಅಂದೆ.’

ಈಶಪ್ಪ ಗಿರಣಿಯ ಹಿಟ್ಟಿನ ಡಬ್ಬದ ಮೇಲೆ ಕುಳಿತುಬಿಟ್ಟ.

‘ಬಾಯಿತಪ್ಪಿ ಬಂತೋ ಮಾರಾಯ. ಯಾರನ್ನ ಕೇಳಿದ್ರೂ ಹಂಗ ಹೇಳಿ ರೂಢಿ ಬಿದ್ದೈತಿ. ಆ ಹುಡುಗಿ ನಿನ್ನ ಹೆಸರ ನೋಡಿದ್ಲು. ವಿಭೂತಿ ನೋಡಿದ್ಲು. ಆಮ್ಯಾಲ ಗಡಿಯಾರ ನೋಡಿದ್ಲು. ಅದು ನಮಾಜಿನ ಹೊತ್ತೂ ಆಗಿರಲಿಲ್ಲ. ನಾಳಿ ಬರ್ತೀವಿ, ಅವ್ರನ್ನ ತೋರಸ್ರಿ ಅಂತ ಹೇಳಿ ಹೋಗ್ಯಾಳ.’

ಮಲ್ಲೇಶ್ವರಿ ಟ್ರಂಕಿನ ತಳದಿಂದ ಕಾಲೇಜಿನ ಬಿಳಿ ಕೋಟು ಹುಡುಕಿ ತೆಗೆದಳು. ಕೋಟು ಅಂದಿನಷ್ಟೇ ಇತ್ತು, ಹೊಟ್ಟೆ ಅಂದಿನದಾಗಿರಲಿಲ್ಲ. ಗುಂಡಿ ಹಾಕಲು ಗಂಡ ಉಸಿರು ಬಿಗಿಹಿಡಿದು ನಿಂತಿದ್ದಾಗ ಜೋಳದ ಬುಟ್ಟಿ ಹೊತ್ತ ವಿರೂಪಾಕ್ಷಮ್ಮ ಬಾಗಿಲಲ್ಲಿ ಬಂದು ನಿಂತಳು. ಗಿರಣಿ ಬಂದಾಗಿದೆ, ಈಶಪ್ಪ ಬೆವರುತ್ತಿದ್ದಾನೆ, ಹೆಂಡತಿಯ ಕಣ್ಣಲ್ಲಿ ನೀರಿದೆ. ವಿರೂಪಾಕ್ಷಮ್ಮ ಯಾವ ಪ್ರಶ್ನೆಯನ್ನೂ ಕೇಳದೆ ಉತ್ತರ ತಿಳಿದುಕೊಳ್ಳುವ ಹೆಣ್ಣುಮಗಳು. ಬುಟ್ಟಿ ಅಲ್ಲೇ ಇಳಿಸಿ ಓಣಿಗೆ ಹೋದಳು.

ಸ್ವಲ್ಪ ಹೊತ್ತಿನಲ್ಲಿ ಓಣಿಯೇ ಅಂಗಳಕ್ಕೆ ಬಂತು. ಅರ್ಧ ಜನ ಈಶಪ್ಪನನ್ನು ಕೊಪ್ಪಳದ ಪೊಲೀಸರು ಒಯ್ಯುತ್ತಾರೆಂದು ಕೇಳಿದ್ದರು, ಉಳಿದರ್ಧ ಅವನು ಡಾಕ್ಟರಾಗಿದ್ದಾನೆಂದು ಕೇಳಿದ್ದರು. ಒಬ್ಬಾಕೆ ಕೆಮ್ಮುವ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದಳು. ನಿವೃತ್ತ ಮಾಸ್ತರ ಶರಣಬಸವಪ್ಪನವರು ಎರಡೂ ಸುದ್ದಿಗೆ ಹೊಂದುವಂತೆ ಗಂಭೀರವಾಗಿ ನಿಂತು ಸಮಾಧಾನ ಹೇಳಿದರು.

‘ಹೆದರಬ್ಯಾಡ ಈಶಪ್ಪ. ಈಗ ಜೈಲಿನ್ಯಾಗ ಊಟ ಛಲೋ ಕೊಡ್ತಾರಂತ. ಹೊತ್ತಿಗಿ ಸರಿಯಾಗಿ ಕೊಡ್ತಾರಂತ.’

‘ಇಲ್ಲಿ ನಾ ಏನು ಉಪವಾಸ ಕೆಡವೀನ್ರಿ ಮಾಸ್ತರ?’ ಎಂದು ಮಲ್ಲೇಶ್ವರಿ ಸಿಟ್ಟಿಗೆದ್ದಳು. ಊಟದ ವಿಷಯಕ್ಕೆ ಅಲ್ಲಿ ದೊಡ್ಡ ಜಗಳವೇ ಆಯಿತು. ಈಶಪ್ಪನ ಜೈಲನ್ನು ಎಲ್ಲರೂ ಮರೆತರು, ಅವನೊಬ್ಬನ ಹೊರತು.

ಮರುದಿನ ಬಸ್ಸಿನಲ್ಲಿ ಅವನು ಓದಿದ್ದನ್ನು ನೆನಪಿಸಿಕೊಳ್ಳಲು ನೋಡಿದ. ತಲೆಯಲ್ಲಿ ಒಂದೇ ಒಂದು ವಾಕ್ಯ ಉಳಿದಿತ್ತು. ‘ಕೊಡುವ ಮುನ್ನ ಕೇಳು’ ಎಂದು ಅವನ ಗುರುಗಳು ಹೇಳುತ್ತಿದ್ದರು. ಏನು ಕೇಳಬೇಕು ಎಂಬುದೂ ಅವರು ಹೇಳಿದ್ದಿರಬೇಕು. ಅದು ಜೋಳದ ಜೊತೆ ಬೀಸಿಹೋಗಿತ್ತು.

ಮಕ್ಬುಲಸಾಬನ ಅಂಗಡಿಯ ಮುಂದೆ ಜನ ಸೇರಿದ್ದರು. ಬಿಳಿ ಕೋಟಿನ ಹುಡುಗರು ಮೇಜು ಹಾಕಿದ್ದರು. ಈಶಪ್ಪನ ಕೋಟು ಕೈಚೀಲದಲ್ಲಿತ್ತು, ಜೀವ ಗಂಟಲಲ್ಲಿತ್ತು. ಹಿಂದಿನಿಂದ ಒಳಗೆ ನುಸುಳೋಣವೆಂದರೆ ಅಂಗಡಿಗೆ ಹಿಂಬಾಗಿಲಿದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ದಿಕ್ಕು ತೋಚದೆ ಸಾಲಿನಲ್ಲಿ ನಿಂತ. ಸಾಲು ಸರಿಯಿತು. ಸೊಹೇಲ ಎಂಬ ಹುಡುಗ ಅವನನ್ನು ಕುರ್ಚಿಯಲ್ಲಿ ಕೂರಿಸಿ ರಟ್ಟೆಗೆ ಪಟ್ಟಿ ಸುತ್ತಿದ.

‘ಕಾಕಾ, ನಿಮ್ಮ ಬಿ.ಪಿ. ಭಾಳ ಏರೈತಿ’ ಎಂದಳು ಪಕ್ಕದಲ್ಲಿದ್ದ ಉಜ್ಮಾ. ‘ಮನ್ಯಾಗ ಏನರ ಚಿಂತಿ ಐತೇನ್ರಿ?’

‘ಮನ್ಯಾಗ ಇಲ್ಲವಾ’ ಎಂದ ಈಶಪ್ಪ. ಆಮೇಲೆ ತಡೆಯಲಾರದೆ ಕೇಳಿದ: ‘ಇಲ್ಲಿ ಫಾರ್ಮಸಿಸ್ಟ್ ಇರ್ತಾರಂತಲ್ಲ, ಅವ್ರು ಬಂದಾರೇನು?’

ಉಜ್ಮಾಳ ಮುಖ ಅರಳಿತು. ಆಂದೋಲನ ಶುರುವಾದಂದಿನಿಂದ ಜನರೇ ಫಾರ್ಮಸಿಸ್ಟ್ ಎಲ್ಲಿ ಎಂದು ಕೇಳಿದ್ದು ಇದೇ ಮೊದಲು. ಮೊಬೈಲು ಹಿಡಿಯಲು ಸೊಹೇಲನಿಗೆ ಸನ್ನೆ ಮಾಡಿದಳು.

‘ಇನ್ನೂ ಬಂದಿಲ್ಲ ಕಾಕಾ. ಬಂದ ಕೂಡ್ಲೆ ನೀವ ಮೊದಲು ಅವ್ರನ್ನ ಕಾಣ್ರಿ. ನಿಮ್ಮಂಥವರ ಸಲುವಾಗಿನ ಅವ್ರು ಇರೋದು. ಅವ್ರಿಗಿ ಹೆದರಬಾರ್ದು.’

‘ಅವ್ರು ಬರಲಿಲ್ಲಂದ್ರ ಏನ್ ಮಾಡ್ತೀರಿ?’

‘ಬಿಡಂಗಿಲ್ಲ. ಹೆಸರು ಬರದು ಕೊಪ್ಪಳದಾಗ ಅರ್ಜಿ ಕೊಡ್ತೀವಿ.’

ಸೊಹೇಲ ಇನ್ನೊಮ್ಮೆ ಬಿ.ಪಿ. ನೋಡಿದ. ಮೊದಲಿಗಿಂತ ಹೆಚ್ಚಿತ್ತು. ಯಂತ್ರ ಕೆಟ್ಟಿರಬೇಕೆಂದು ತನ್ನ ಕೈಗೇ ಕಟ್ಟಿಕೊಂಡು ನೋಡಿದ. ಯಂತ್ರ ಸರಿಯಾಗಿತ್ತು.

ಅಷ್ಟರಲ್ಲಿ ಮಕ್ಬುಲಸಾಬ ಹೊರಗೆ ಇಣುಕಿದ. ಕುರ್ಚಿಯಲ್ಲಿ ಕುಳಿತವನನ್ನು ಕಂಡು ಎದೆ ಧಸಕ್ಕೆಂದರೂ, ‘ಬರ್ರಿ ಈಶಪ್ಪ ಸರ್, ನಿಮ್ಮ ದಾರಿನ ನೋಡಾಕತ್ತೀನಿ’ ಎಂದುಬಿಟ್ಟ.

ಉಜ್ಮಾ ಈಶಪ್ಪನ ಬೋಳಾದ ತಲೆಯನ್ನೂ ಗೋಡೆಯ ಮೇಲಿನ ತುಂಬುಗೂದಲನ್ನೂ ಸಾವಕಾಶ ತಾಳೆ ನೋಡಿದಳು. ಮಾತು ಎಂದೂ ಕೈಕೊಡದವನು ಮಕ್ಬುಲಸಾಬ.

‘ನಮ್ಮ ಸರ್ ಹಂಗ. ಮೊದಲು ರೋಗಿಗಳ ಸಾಲಿನ್ಯಾಗ ನಿಲ್ತಾರ, ಆಮ್ಯಾಲ ಒಳಗ ಬರ್ತಾರ.’

ಸೊಹೇಲ ಎದ್ದು ನಿಂತು ನಮಸ್ಕಾರ ಮಾಡಿದ. ಉಜ್ಮಾ ಮಾಡಲಿಲ್ಲ. ಸುಮ್ಮನೆ ಕುರ್ಚಿ ಎತ್ತಿಕೊಂಡು ಬಂದು ಕೌಂಟರಿನ ಪಕ್ಕದಲ್ಲೇ ಹಾಕಿಕೊಂಡಳು.

ಗುಂಡಿ ಬೀಳದ ಕೋಟಿನಲ್ಲಿ ಈಶಪ್ಪ ಕೌಂಟರಿನ ಹಿಂದೆ ನಿಂತ. ಯಾವ ಔಷಧ ಯಾವ ಕಪಾಟಿನಲ್ಲಿದೆ ಎಂದು ತಿಳಿಯದವನಿಗೆ ಒಂದೇ ದಾರಿ ಕಂಡಿತು. ಯಾರಿಗೂ ಏನನ್ನೂ ಕೊಡಬಾರದು. ಕೊಟ್ಟರೆ ತಾನೇ ತಪ್ಪು ಸಿಕ್ಕುವುದು?

ಮೊದಲನೆಯವನು ‘ನಿದ್ದಿ ಗುಳಿಗಿ ಕೊಡ್ರಿ’ ಎಂದ.

‘ಡಾಕ್ಟರ್ ಚೀಟಿ ತಂದೀರೇನು?’

‘ಯಾವಾಗ್ಲೂ ಹಂಗ ಒಯ್ತೀನಲ್ರಿ.’

‘ಚೀಟಿ ಇಲ್ದ ಕೊಡಂಗಿಲ್ರಿ’ ಎಂದು ಈಶಪ್ಪ ಕೈಮುಗಿದ.

ಎರಡನೆಯವನಿಗೆ ಜ್ವರಕ್ಕೆ ಜೋರಿನ ಗುಳಿಗೆ ಅರ್ಧ ಹಾಳೆ ಬೇಕಿತ್ತು. ಅವನಿಗೂ ಕೈಮುಗಿದ. ಮೂರನೆಯವನು ಬೇರೆಯವರ ಚೀಟಿ ತಂದಿದ್ದ. ನಾಲ್ಕನೆಯವನ ಚೀಟಿ ಬಹಳ ಹಳೆಯದಾಗಿತ್ತು. ಐದನೆಯವನು ಬಾಚಣಿಗೆ ಕೇಳಿದ. ಅವನನ್ನೂ ಈಶಪ್ಪ ಚೀಟಿ ಕೇಳಿದ. ಕೌಂಟರಿನ ಕೆಳಗಿನಿಂದ ಮಕ್ಬುಲಸಾಬ ಅವನ ತೊಡೆ ಚಿವುಟುತ್ತಿದ್ದ. ಆ ನೋವಿಗೆ ಈಶಪ್ಪನ ಮುಖದ ಮೇಲೆ ಕಂಡ ಕಳೆಯನ್ನು ಜನ ನಿಷ್ಠೆ ಎಂದು ತಿಳಿದರು.

‘ಇಷ್ಟು ವರ್ಷ ಕೇಳಿದ್ದೆಲ್ಲ ಕೊಟ್ರಿ, ಇವತ್ತೇನಾಗೈತಿ ನಿಮಗ?’ ಎಂದು ಗಿರಾಕಿಗಳು ಮಕ್ಬುಲಸಾಬನ ಮೇಲೆ ದನಿ ಏರಿಸಿದರು. ಯಾರೋ ಅಂಗಡಿಯ ಕಟ್ಟೆ ಗುದ್ದಿದರು. ಈಶಪ್ಪ ಮತ್ತೂ ಕೈಮುಗಿದ, ಮತ್ತೂ ಇಲ್ಲ ಎಂದ. ಸೊಹೇಲ ಇದನ್ನೆಲ್ಲ ಕಣ್ಣೀರು ತುಂಬಿಕೊಂಡು ಮೊಬೈಲಿನಲ್ಲಿ ಹಿಡಿಯುತ್ತಿದ್ದ. ಪುಸ್ತಕದಲ್ಲಿ ಬರೆದಂತೆಯೇ ನಡೆಯುವ ಫಾರ್ಮಸಿಸ್ಟನನ್ನು ಆ ಹುಡುಗ ಹುಟ್ಟಿದಂದಿನಿಂದ ನೋಡಿರಲಿಲ್ಲ.

ಆಗ ಬಂದವಳು ಬಾನುಬೀ. ಸಂತೆಯಲ್ಲಿ ಬಳೆ ಮಾರುವ ಮುದುಕಿ. ಗೋಡೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು.

‘ಬೇಟಾ, ತಲಿ ತಿರಗತೈತಿ. ಎರಡು ಸಲ ಬಿದ್ದೀನಿ. ಒಂದು ಶಕ್ತಿ ಗುಳಿಗಿ ಕೊಡು.’

ಗುರುಗಳ ವಾಕ್ಯ ತಾನಾಗಿ ಬಾಯಿಗೆ ಬಂತು. ಕೊಡುವ ಮುನ್ನ ಕೇಳಬೇಕಲ್ಲ ಎಂದು ಈಶಪ್ಪ, ‘ಈಗ ಏನೇನು ಗುಳಿಗಿ ತಗೋತೀಯವ್ವಾ?’ ಎಂದ. ಅವಳು ಸೊಂಟದ ಸಂಚಿ ಬಿಚ್ಚಿ ಕೌಂಟರಿನ ಮೇಲೆ ಸುರಿದಳು. ಈಶಪ್ಪ ಒಂದೊಂದೇ ಗುಳಿಗೆ ಹಾಳೆ ಎತ್ತಿ ಸಣ್ಣಕ್ಷರ ಓದತೊಡಗಿದ. ಓದುವಷ್ಟು ಹೊತ್ತು ಯಾರೂ ತನ್ನನ್ನು ಏನೂ ಕೇಳುವುದಿಲ್ಲವಲ್ಲ ಎಂಬುದೇ ಅವನ ಲೆಕ್ಕ. ಓದಿದ್ದನ್ನೇ ಓದಿದ. ಹಾಗೆ ಓದುತ್ತಿದ್ದಾಗ ಕೆಂಪು ಹಾಳೆ, ನೀಲಿ ಹಾಳೆ ಎರಡರ ಮೇಲೂ ಸಣ್ಣಕ್ಷರದಲ್ಲಿ ಒಂದೇ ಹೆಸರು ಕಂಡಿತು. ಆಮ್ಲೋಡಿಪಿನ್. ಬಿ.ಪಿ. ಇಳಿಸುವ ಔಷಧ.

‘ಇವೆರಡನ್ನೂ ತಗೋತೀಯೇನು?’

‘ಒಂದು ಇಲ್ಲಿ ದವಾಖಾನಿದು. ಇನ್ನೊಂದು ಮಗಳ ಊರಾಗಿನ ಡಾಕ್ಟರ್ ಕೊಟ್ಟಿದ್ದು. ದಿನಾ ಎರಡೂ ನುಂಗ್ತೀನಿ.’

‘ಎರಡೂ ಒಂದ ಐತೆವ್ವಾ’ ಎಂದ ಈಶಪ್ಪ, ತನಗೇ ಹೇಳಿಕೊಳ್ಳುವಂತೆ. ‘ಮ್ಯಾಲಿನ ಹೆಸರ ಬ್ಯಾರೆ, ಒಳಗಿಂದು ಒಂದ. ದುಪ್ಪಟ್ಟು ಆಗಾಕತ್ತೈತಿ.’

ಉಜ್ಮಾ ಕುರ್ಚಿಯಿಂದೆದ್ದು ಹಾಳೆಗಳನ್ನು ತಾನೂ ನೋಡಿದಳು. ಮುದುಕಿಯ ಬಿ.ಪಿ. ನೋಡಿದರು. ಬಹಳ ಇಳಿದಿತ್ತು, ಕಾಲು ಬಾತಿದ್ದವು. ಉಜ್ಮಾ ಆಗಲೇ ಅವಳನ್ನು ಆಟೊದಲ್ಲಿ ಕೂರಿಸಿಕೊಂಡು, ಎರಡೂ ಹಾಳೆ ಹಿಡಿದು ಸರಕಾರಿ ಆಸ್ಪತ್ರೆಗೆ ಹೋದಳು. ಗಲಾಟೆ ಮಾಡುತ್ತಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ತಮ್ಮ ಜೇಬಿನ ಗುಳಿಗೆ ಹಾಳೆ ತೆಗೆದು, ‘ನಂದೂ ಒಂದೀಟು ನೋಡ್ರಿ ಸರ್’ ಎಂದು ಸಾಲು ನಿಂತರು.

ಅಲ್ಲಿಗೆ ಮುಗಿದಿದ್ದರೆ ಈಶಪ್ಪ ಮನೆದೇವರಿಗೆ ಕಾಯಿ ಒಡೆಸಿ ಗಿರಣಿಗೆ ಮರಳುತ್ತಿದ್ದ. ಆದರೆ ಸೊಹೇಲನ ವಿಡಿಯೊ ಜಿಲ್ಲೆಯ ತುಂಬ ಹರಿದಾಡಿತು. ಫಾರ್ಮಸಿಸ್ಟರ ದಿನದಂದು ಕೊಪ್ಪಳದಲ್ಲಿ ವಿದ್ಯಾರ್ಥಿಗಳ ಸಭೆ, ಪ್ರತಿ ಅಂಗಡಿಯಲ್ಲೂ ಓದಿದವರೇ ನಿಲ್ಲಬೇಕೆಂದು ಔಷಧ ಇಲಾಖೆಯ ಸಾಹೇಬರಿಗೆ ಮನವಿ ಕೊಡುವ ಕಾರ್ಯಕ್ರಮ. ಮಾದರಿ ಫಾರ್ಮಸಿಸ್ಟ್ ಈಶಪ್ಪನವರಿಗೆ ಸನ್ಮಾನ, ಅವರದೇ ಭಾಷಣ. ಭಾಷಣದ ಹೊತ್ತಿಗೆ ಸಾಹೇಬರು ಪಕ್ಕದ ಕುರ್ಚಿಯಲ್ಲಿರುತ್ತಾರೆ.

ಸುದ್ದಿ ತಿಳಿದಂದಿನಿಂದ ಈಶಪ್ಪನಿಗೆ ಅನ್ನ ಇಳಿಯಲಿಲ್ಲ. ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಹುಡುಕಿಕೊಂಡು ಬರುತ್ತಾರೆ, ಹೋದರೆ ಸಾಹೇಬರು ಒಂದು ಪ್ರಶ್ನೆ ಕೇಳಿದರೂ ಮುಗಿಯಿತು. ಮಲ್ಲೇಶ್ವರಿ ನೋಡಿ ನೋಡಿ ಬೇಸತ್ತು ಹೇಳಿದಳು: ‘ಇದ್ದದ್ದು ಇದ್ದಂಗ ಹೇಳಿ ಬರ್ರಿ. ಹೇಳಿದ್ರ ಒಮ್ಮಿ ಸಾಯ್ತೀರಿ, ಹೇಳದಿದ್ರ ದಿನಾ ಸಾಯ್ತೀರಿ.’

ಸಭೆಯಲ್ಲಿ ಮೊದಲು ಹುಡುಗರ ನಾಟಕವಿತ್ತು. ಒಬ್ಬ ಹುಡುಗ ಕಟ್ಟಿಗೆಯ ಚೌಕಟ್ಟನ್ನು ಕೊರಳಿಗೆ ಹಾಕಿಕೊಂಡು ಫೋಟೊ ಆಗಿ ನಿಂತಿದ್ದ. ರೋಗಿಗಳು ಬಂದು ಕೇಳಿದರೆ ಫೋಟೊ ಮಾತಾಡುತ್ತಿರಲಿಲ್ಲ. ಒಬ್ಬ ರೋಗಿ ತಪ್ಪು ಗುಳಿಗೆ ನುಂಗಿ ಸತ್ತೇಹೋದ. ಆಗಲೂ ಫೋಟೊ ನಗುತ್ತಲೇ ಇತ್ತು. ಜನ ಬಿದ್ದು ಬಿದ್ದು ನಕ್ಕರು. ಆ ಸತ್ತ ಹುಡುಗ ಎದ್ದು ಧೂಳು ಜಾಡಿಸಿಕೊಳ್ಳುವವರೆಗೆ ಈಶಪ್ಪನಿಗೆ ಬಾನುಬೀಯ ಬಾತ ಕಾಲೇ ಕಣ್ಣ ಮುಂದೆ ಇತ್ತು.

ಹೆಸರು ಕರೆದರು. ಈಶಪ್ಪ ಮೈಕು ಹಿಡಿದು, ಕಣ್ಣು ಮುಚ್ಚಿ, ಹೇಳಿಯೇಬಿಟ್ಟ.

‘ಸಾಹೇಬ್ರ, ಆ ಫೋಟೊ ನಾನರಿ. ನಾನು ಅಂಗಡ್ಯಾಗ ಕುಂತವನಲ್ಲ. ಹನುಮಸಾಗರದಾಗ ಗಿರಣಿ ಹಾಕೀನಿ. ಅವತ್ತು ಕುಷ್ಟಗಿಗಿ ಬಂದದ್ದು ಅಂಜಿಕಿಗಿ. ಗುಳಿಗಿ ಕೊಡಲಿಲ್ಲ ಯಾಕಂದ್ರ ಎಲ್ಲಿ ಇಟ್ಟಾರ ಅನ್ನೂದ ಗೊತ್ತಿರಲಿಲ್ಲ. ನನ್ನ ಮ್ಯಾಲ ಏನು ಕ್ರಮ ತಗೋತೀರಿ ತಗೋರಿ.’

ಸಭಾಂಗಣದ ತುಂಬ ಚಪ್ಪಾಳೆಯ ಮಳೆ. ಸಾಹೇಬರು ಕಣ್ಣೊರೆಸಿಕೊಂಡು ಎದ್ದು ನಿಂತರು.

‘ನಾಟಕದ ಹುಡುಗರಿಗಿಂತ ಇವ್ರ ಪಾತ್ರ ಛಲೋ ಆತು. ಅಂಥವನ ಒಳಗ ಹೊಕ್ಕು ಮಾತಾಡ್ಯಾರ. ಇಂಥ ಮಾತು ಬರಬೇಕಂದ್ರ ಮನಸ್ಸು ಎಷ್ಟು ಶುದ್ಧ ಇರಬೇಕು.’

‘ಇಲ್ರಿ ಸಾಹೇಬ್ರ, ಖರೇನ’ ಎಂದ ಈಶಪ್ಪ ಅಳುದನಿಯಲ್ಲಿ. ಚಪ್ಪಾಳೆ ಇನ್ನೂ ಜೋರಾಯಿತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮುಂದಿನ ಸಾಲಿನಲ್ಲಿ ಮಕ್ಬುಲಸಾಬ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ. ಸತ್ಯ ಹೇಳಿದರೂ ಹೆದರಿಕೆ ಹೋಗದಂಥ ಸಂಕಟ ನಮ್ಮ ಈಶಪ್ಪನಿಗಲ್ಲದೆ ಇನ್ನಾರಿಗೆ ಬಂದೀತು?

ಚಪ್ಪಾಳೆ ತಟ್ಟದವಳು ಉಜ್ಮಾ ಒಬ್ಬಳೇ. ವೇದಿಕೆಯ ಮೆಟ್ಟಿಲ ಕೆಳಗೆ ಅವಳು ಕಾಯುತ್ತಿದ್ದಳು.

‘ಸರ್, ನಾನು ನಂಬೀನ್ರಿ’ ಎಂದಳು.

ಈಶಪ್ಪನ ಕೈಯ ಬುಟ್ಟಿಯಿಂದ ಒಂದು ಮೋಸಂಬಿ ಉರುಳಿ ಬಿತ್ತು. ‘ಹಂಗಾರ ಅರ್ಜಿ ಕೊಡ್ತೀಯೇನವ್ವಾ?’

‘ಅರ್ಜ್ಯಾಗ ಇಲ್ಲೀಮಟ ನಿಮ್ಮ ಹೆಸರು ಬರದಿಲ್ಲ.’ ಅವಳು ಮೋಸಂಬಿ ಎತ್ತಿ ಬುಟ್ಟಿಗೆ ಹಾಕಿದಳು. ‘ಬಾನುಬೀನ ದವಾಖಾನ್ಯಾಗ ಇಟ್ಕೊಂಡಿದ್ರು, ಈಗ ಮನಿಗಿ ಕಳಸ್ಯಾರ. ಡಾಕ್ಟರ್ ಹೊಸಾ ಗುಳಿಗಿ ಬರದು ಕೊಟ್ಟಾರ. ಆ ಅಂಗಡ್ಯಾಗಿನ ಸರ್ ನೋಡಿ ಹೇಳೂ ಮಟ ನುಂಗಂಗಿಲ್ಲ ಅಂತ ಹಟ ಹಿಡಿದು ಕುಂತಾಳ. ನಾಳಿ ಮುಂಜಾನಿ ಬರ್ತಾಳ.’

‘ನಾಳಿ ನಮ್ಮ ಗಿರಣಿ…’

‘ನಾನೂ ಒಂದು ದಿನ ಬರ್ತೀನ್ರಿ ಸರ್. ಯಾವ ದಿನ ಅಂತ ಹೇಳಂಗಿಲ್ಲ.’

ಇನ್ಸ್‌ಪೆಕ್ಟರು ಬರುವ ಮೊದಲು ಊರಿಂದ ಊರಿಗೆ ಫೋನು ಬರುತ್ತದೆ. ಈ ಹುಡುಗಿ ಬರುವ ಮೊದಲು ಯಾವ ಫೋನೂ ಬರುವುದಿಲ್ಲ ಎಂದು ಈಶಪ್ಪನಿಗೆ ಅರ್ಥವಾಯಿತು. ಅವತ್ತೇ ಸಂಜೆ ಗಿರಣಿಯ ಬೀಗದ ಕೈಯನ್ನು ಹೆಂಡತಿಗೆ ಕೊಟ್ಟ.

ಮರುದಿನ ಮಕ್ಬುಲಸಾಬ ಬಂದು ಷಟರ್ ಎತ್ತುವ ಮೊದಲೇ ಈಶಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ‘ನೀ ದಿನಾ ಬಂದ್ರ ನನ್ನ ವ್ಯಾಪಾರ ಮುಳಗತೈತೋ’ ಎಂದು ಮಕ್ಬುಲಸಾಬ ಹಣೆ ಹಣೆ ಬಡಿದುಕೊಂಡ. ಹಾಗೆನ್ನುತ್ತಲೇ ಅವನಿಗೊಂದು ಸ್ಟೂಲು ಒರೆಸಿ ಕೊಟ್ಟ.

ಬಾನುಬೀ ಬಂದಳು. ಈ ಸಲ ಗೋಡೆ ಹಿಡಿಯದೆ ಮೆಟ್ಟಿಲು ಹತ್ತಿದಳು. ಚೀಟಿ ಮತ್ತು ಹೊಸ ಗುಳಿಗೆಗಳನ್ನು ಮುಂದಿಟ್ಟು, ಬಿಸಿಲು ನೋಡುತ್ತ ನಿಶ್ಚಿಂತೆಯಿಂದ ನಿಂತಳು. ಈಶಪ್ಪ ಚೀಟಿ ಓದಿದ, ಹಾಳೆ ಓದಿದ, ಮತ್ತೆ ಚೀಟಿ ಓದಿದ. ಹೊರಗೆ ಜೀಪೊಂದು ಬಂದು ನಿಂತು ಹೋಯಿತು. ಅವನು ತಲೆ ಎತ್ತಲಿಲ್ಲ. ಒಂದು ಅಕ್ಷರ ತಪ್ಪಿದರೂ ಈ ಮುದುಕಿ ಬಿದ್ದುಬಿಡುತ್ತಾಳಲ್ಲ ಎಂಬ ಭಯಕ್ಕೆ ಹಾಳೆ ಹಿಡಿದ ಬೆರಳು ತರತರ ನಡುಗುತ್ತಿದ್ದವು.

ಬಾನುಬೀ ಅದನ್ನು ನೋಡಿ ನಕ್ಕಳು.

‘ಯಾಕ ಇಷ್ಟು ಹೆದರ್ತಿ ಬೇಟಾ? ನುಂಗಾಕಿ ನಾನು.’

‘ಅದಕ್ಕ ಹೆದರಾಕತ್ತೀನವ್ವಾ’ ಎಂದು ಈಶಪ್ಪ ಇನ್ನೊಮ್ಮೆ ಓದಿದ.